ಇಂಗ್ಲಿಷ್ ಪ್ರಬಂಧ: ಬರೆಯುವ ಮೊದಲು, ಬರೆದ ಮೇಲೆ



ಇವತ್ತಿನ ಮಾತು ಮುಖ್ಯವಾಗಿ ಎಂಟು, ಒಂಬತ್ತು, ಹತ್ತನೆಯ ತರಗತಿಯ ಮಕ್ಕಳಿಗೆ. ಅದರಲ್ಲೂ ಕನ್ನಡ ಮಾಧ್ಯಮದಲ್ಲಿ ಓದುತ್ತ, ಇಂಗ್ಲಿಷನ್ನು ದ್ವಿತೀಯ ಭಾಷೆಯಾಗಿ ಕಲಿಯುತ್ತಿರುವವರಿಗೆ. ಅಪ್ಪ, ಅಮ್ಮ, ಅಜ್ಜಿ ಪಕ್ಕದಲ್ಲಿದ್ದರೆ ಅವರೂ ಕೇಳಲಿ. ನಡುವೆ ಅವರಿಗೂ ಒಂದು ಕೆಲಸ ಕೊಡುವುದಿದೆ.

ವಿಷಯ ಇಷ್ಟೇ. ಶಾಲೆಯಲ್ಲಿ ಇಂಗ್ಲಿಷ್ ಪ್ರಬಂಧ ಬರೆದುಕೊಂಡು ಬನ್ನಿ ಎನ್ನುತ್ತಾರೆ. ಅದಕ್ಕೆ ತಯಾರಿ ಹೇಗೆ? ಬರೆದದ್ದನ್ನು ಹಾಳೆಯ ಮೇಲೆ ಜೋಡಿಸುವುದು ಹೇಗೆ?

ನಮ್ಮ ರಾಜ್ಯದಲ್ಲಿ ಪ್ರತಿ ವರ್ಷ 8 ಲಕ್ಷಕ್ಕೂ ಹೆಚ್ಚು ಮಕ್ಕಳು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರುತ್ತಾರೆ. ದ್ವಿತೀಯ ಭಾಷೆ ಇಂಗ್ಲಿಷಿಗೆ 100 ಅಂಕ. ಅದರಲ್ಲಿ 80 ಲಿಖಿತ ಪರೀಕ್ಷೆಗೆ, 20 ಶಾಲೆಯ ಆಂತರಿಕ ಮೌಲ್ಯಮಾಪನಕ್ಕೆ. ಪ್ರಬಂಧಕ್ಕೆ ಸಿಗುವುದು ಬೆರಳೆಣಿಕೆಯ ಅಂಕ. ಹಾಗಾಗಿ ಬಹಳ ಮಕ್ಕಳು ಗೈಡಿನಿಂದ ನಾಲ್ಕು ಪ್ರಬಂಧ ಬಾಯಿಪಾಠ ಮಾಡಿ, ನಾಲ್ಕರಲ್ಲಿ ಒಂದು ಬಂದೇ ಬರುತ್ತದೆ ಅಂತ ಧೈರ್ಯವಾಗಿರುತ್ತಾರೆ. ನನಗೆ ಇದು ಸಂಕಟದ ವಿಷಯ. ಇಡೀ ಪ್ರಶ್ನೆಪತ್ರಿಕೆಯಲ್ಲಿ ಮಗು ತಾನು ಕಂಡದ್ದನ್ನು ತಾನೇ ಹೇಳಲು ಸಿಗುವ ಜಾಗ ಬಹಳ ಸ್ವಲ್ಪ. ಆ ಸ್ವಲ್ಪ ಜಾಗವನ್ನೂ ನಾವು ಗೈಡಿಗೆ ಬಿಟ್ಟುಕೊಡುತ್ತಿದ್ದೇವೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನೀವು ಬರೆದ ಹಾಳೆ ಟೀಚರ ಮೇಜಿಗೆ ಒಂಟಿಯಾಗಿ ಹೋಗುತ್ತದೆ. ಅದರ ಪಕ್ಕದಲ್ಲಿ ನೀವಿರುವುದಿಲ್ಲ. "ಟೀಚರ್, ನಾನು ಹೇಳಬೇಕೆಂದಿದ್ದು ಅದಲ್ಲ, ಇದು" ಅಂತ ವಿವರಿಸಲು ಅಲ್ಲಿ ಯಾರೂ ಇಲ್ಲ. ಹಾಳೆಯೇ ಎಲ್ಲ ಹೇಳಬೇಕು. ತಯಾರಿ, ಮಾರ್ಜಿನು, ಪ್ಯಾರಾ, ಫುಲ್‌ಸ್ಟಾಪು, ಇವೆಲ್ಲ ಇರುವುದು ಓದುವವರಿಗಾಗಿ. ಮುಂದೆ ಹೇಳುವುದನ್ನೆಲ್ಲ ಈ ಮಾತಿನ ಜೊತೆಗೇ ಕೇಳಿಸಿಕೊಳ್ಳಿ.

ಮೊದಲ ಕೆಲಸ, ಕೊಟ್ಟ ವಿಷಯವನ್ನು ನಿಧಾನವಾಗಿ ಓದುವುದು. "ಮೊಬೈಲ್ ಫೋನಿನ ಲಾಭ ಮತ್ತು ನಷ್ಟ" ಅಂತ ಕೊಟ್ಟಿದ್ದರೆ ಅಲ್ಲಿ ಕೇಳಿರುವುದು ಎರಡು. ಲಾಭವನ್ನೇ ಒಂದು ಪುಟ ಬರೆದರೆ ಉತ್ತರ ಅರ್ಧ ಮಾತ್ರ. "ಗ್ರಂಥಾಲಯದ ಮಹತ್ವ" ಅಂತ ಕೊಟ್ಟರೆ ಗ್ರಂಥಾಲಯದ ಕಟ್ಟಡದ ವರ್ಣನೆ ಸಾಲದು, ಅದು ಯಾಕೆ ಬೇಕು ಅನ್ನುವುದು ಬರಬೇಕು. ವಿಷಯದಲ್ಲಿರುವ ಮುಖ್ಯ ಪದದ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದುಕೊಳ್ಳಿ. ಪರೀಕ್ಷೆಯ ದಿನ ಪ್ರಶ್ನೆಪತ್ರಿಕೆ ಓದಿಕೊಳ್ಳಲು 15 ನಿಮಿಷ ಕೊಡುತ್ತಾರಲ್ಲ, ಆಗ ಮಾಡಬೇಕಾದ್ದೂ ಇದನ್ನೇ. ಯಾವ ವಿಷಯದ ಬಗ್ಗೆ ನನಗೆ ನಿಜವಾಗಿ ಹೇಳುವುದಿದೆ ಅಂತ ಆಗಲೇ ತೀರ್ಮಾನಿಸಿಕೊಳ್ಳಿ.

ಸರಿ, ವಿಷಯ ಓದಿಯಾಯಿತು. ಈಗ ಹೇಳುವುದಕ್ಕೆ ಸಾಮಾನು ಬೇಕು. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲೋಣ. ಪ್ರಬಂಧ ಒಳ್ಳೆಯದಾಗುವುದೂ ಕೆಡುವುದೂ ಇಲ್ಲೇ.

"ನಮ್ಮ ಊರಿನ ಸಂತೆ" ಅಂತ ವಿಷಯ ಕೊಟ್ಟಿದ್ದಾರೆ ಅಂದುಕೊಳ್ಳಿ. ಗೈಡು ಓದಿದ ಮಗುವಿನ ಮೊದಲ ವಾಕ್ಯ ಯಾವುದು ಅಂತ ನಾನು ಕಣ್ಣು ಮುಚ್ಚಿ ಹೇಳಬಲ್ಲೆ. "ಇಂಡಿಯಾ ಈಸ್ ಎ ಲ್ಯಾಂಡ್ ಆಫ್ ವಿಲೇಜಸ್." ವಾಕ್ಯದಲ್ಲಿ ತಪ್ಪೇನೂ ಇಲ್ಲ. ಆದರೆ ತರಗತಿಯ ಮುಕ್ಕಾಲು ಪಾಲು ಹಾಳೆಗಳಲ್ಲಿ ಇದೇ ವಾಕ್ಯ ಬಂದರೆ ಓದುವವರಿಗೆ ಯಾವ ಹಾಳೆ ಯಾರದ್ದು ಅಂತ ಗುರುತೇ ಸಿಗುವುದಿಲ್ಲ. ನಿಮ್ಮ ಊರು ಅದರಲ್ಲಿ ಎಲ್ಲಿದೆ?

ಅದರ ಬದಲು ಹೀಗೆ ಮಾಡಿ. ಸಂತೆಯ ದಿನ ಒಂದು ತುಂಡು ಕಾಗದ ಜೇಬಿನಲ್ಲಿಟ್ಟುಕೊಂಡು ಹೋಗಿ. ಕಂಡದ್ದನ್ನು ಬರೆದುಕೊಳ್ಳಿ. ಕನ್ನಡದಲ್ಲೇ ಬರೆದುಕೊಳ್ಳಿ, ಅದಕ್ಕೆ ಯಾರೂ ಬೇಡ ಅನ್ನುವುದಿಲ್ಲ. ಕೊತ್ತಂಬರಿ ಕಟ್ಟಿನ ಮೇಲೆ ನೀರು ಚಿಮುಕಿಸುತ್ತಿದ್ದ ಹೆಂಗಸು. ಅವಳ ಬುಟ್ಟಿಯ ಪಕ್ಕದಲ್ಲಿ ಫೋನ್‌ಪೇ ಡಬ್ಬಿ. ಗಿರಾಕಿ ದುಡ್ಡು ಹಾಕಿದ ಕೂಡಲೇ ಸೊಪ್ಪಿನ ಮರೆಯಿಂದ ಒಂದು ದನಿ, ಇಪ್ಪತ್ತು ರೂಪಾಯಿ ಬಂತು ಅಂತ. ಬೆಳ್ಳುಳ್ಳಿಯ ಗುಡ್ಡೆಗಳು. ಒಣಮೆಣಸಿನಕಾಯಿ ರಾಶಿಯ ಹತ್ತಿರ ಹೋದವರೆಲ್ಲ ಸೀನುತ್ತಿದ್ದದ್ದು. ಬದನೆಕಾಯಿಯನ್ನು ಒಂದೊಂದಾಗಿ ತಿರುಗಿಸಿ, ಹುಳುಕಿನ ತೂತು ಇದೆಯಾ ಅಂತ ನೋಡುತ್ತಿದ್ದ ನಿಮ್ಮ ಅಜ್ಜಿ. ಕೊನೇ ಬಸ್ಸಿನ ಹಾರ್ನು ಕೇಳಿದ್ದೇ ತಡ ಅಂಗಡಿಯವರು ಬೆಲೆ ಇಳಿಸಿದ್ದು.

ಹೀಗೆ ಹದಿನೈದೋ ಇಪ್ಪತ್ತೋ ಸಂಗತಿ ಆಗುತ್ತದೆ. ಎಲ್ಲವನ್ನೂ ತುರುಕಲು ಹೋಗಬೇಡಿ. ನಾಲ್ಕೈದು ಆರಿಸಿ. ಯಾವುದನ್ನು ನೀವೇ ಕಂಡಿರೋ, ಯಾವುದು ನಿಮ್ಮ ಊರಿಗೆ ಸೇರಿದ್ದೋ, ಅದನ್ನು. "ಮೈ ಗ್ರ್ಯಾಂಡ್‌ಮದರ್ ಚೂಸಸ್ ಬ್ರಿಂಜಲ್ಸ್ ಒನ್ ಬೈ ಒನ್." ಎಷ್ಟು ಸಣ್ಣ ವಾಕ್ಯ! ಎಂಟನೆಯ ತರಗತಿಯ ಮಗು ಬರೆಯಬಹುದಾದ ವಾಕ್ಯ. ಆದರೆ ಓದುವವರಿಗೆ ಅಜ್ಜಿ ಕಾಣುತ್ತಾರೆ. ಯಾವ ಗೈಡಿನಲ್ಲೂ ಈ ವಾಕ್ಯ ಇಲ್ಲ.

ಹೀಗೆ ನೋಡುವುದನ್ನು ಕಲಿಯಬೇಕಾದರೆ ಕನ್ನಡದ ಪ್ರಬಂಧಗಳನ್ನು ಓದಿ. ಗೊರೂರು ರಾಮಸ್ವಾಮಿ ಅಯ್ಯಂಗಾರರ "ಹಳ್ಳಿಯ ಚಿತ್ರಗಳು" ಶಾಲೆಯ ಲೈಬ್ರರಿಯಲ್ಲಿದ್ದರೆ ಕೇಳಿ ತೆಗೆದುಕೊಳ್ಳಿ. "ಹಗಲುಗನಸುಗಳು" ಬರೆದ ಎ. ಎನ್. ಮೂರ್ತಿರಾಯರು ಕಾಲೇಜಿನಲ್ಲಿ ಕಲಿಸುತ್ತಿದ್ದದ್ದು ಇಂಗ್ಲಿಷನ್ನು. ಇಂಗ್ಲಿಷ್ ಪ್ರಬಂಧಗಳ ಓದಿನಲ್ಲಿ ಪಳಗಿದವರು ಅವರು. ಬರೆದದ್ದು ನಮ್ಮ ನೆಲದ ಬದುಕನ್ನು. ಕನ್ನಡ ಚೆನ್ನಾಗಿ ಬಂದರೆ ಇಂಗ್ಲಿಷಿಗೆ ಅಡ್ಡಿ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಇಲ್ಲಿಯವರೆಗೆ ಎರಡು ಕೆಲಸ ಆಯಿತು. ವಿಷಯ ಓದಿದ್ದೇವೆ, ಹೇಳಬೇಕಾದ್ದನ್ನು ಕೂಡಿಟ್ಟಿದ್ದೇವೆ. ಇನ್ನು ಜೋಡಣೆ. ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ಪ್ರಬಂಧಕ್ಕೆ ಒಂದು ಆರಂಭ, ಒಂದು ನಡು, ಒಂದು ಕೊನೆ ಇರಬೇಕು ಅಂತ ನಿಮಗೆ ಗೊತ್ತಿದೆ. ಸಂತೆಯ ಪ್ರಬಂಧಕ್ಕೆ ಬೆಳಗಿನಿಂದ ಸಂಜೆಯವರೆಗಿನ ಹೊತ್ತೇ ಕ್ರಮ ಕೊಡುತ್ತದೆ. ಮೊಬೈಲಿನ ಪ್ರಬಂಧಕ್ಕೆ ಲಾಭ ಒಂದು ಪ್ಯಾರಾ, ನಷ್ಟ ಒಂದು ಪ್ಯಾರಾ. ಒಂದು ಪ್ಯಾರಾದಲ್ಲಿ ಒಂದೇ ವಿಷಯ. ಇಷ್ಟು ನೆನಪಿದ್ದರೆ ಸಾಕು.

ಜೋಡಿಸಿದ್ದಾಯಿತು, ಈಗ ವಾಕ್ಯ ಬರೆಯಬೇಕು. ಇಲ್ಲಿ ನಮ್ಮ ಮಕ್ಕಳಿಗೆ ಬರುವ ತೊಡಕುಗಳೇ ಬೇರೆ. ಅವು ದಡ್ಡತನದಿಂದ ಬಂದವಲ್ಲ. ಒಳ್ಳೆಯ ಕನ್ನಡ ಬಲ್ಲ ಮಗುವಿಗೇ ಅವು ಬರುತ್ತವೆ.

ಒಂದನ್ನು ನೋಡಿ. "ನಿನ್ನೆ ಸಂತೆಗೆ ಹೋದೆ" ಅಂದರೆ ಕನ್ನಡದಲ್ಲಿ ಪೂರ್ತಿ ವಾಕ್ಯ. ಹೋದದ್ದು ನಾನು ಅಂತ "ಹೋದೆ" ಅನ್ನುವ ಪದವೇ ಹೇಳಿಬಿಡುತ್ತದೆ. ಇಂಗ್ಲಿಷಿನ "ವೆಂಟ್" ಹಾಗೆ ಹೇಳುವುದಿಲ್ಲ. ನಾನು, ಅವನು, ಅವರು, ಎಲ್ಲರಿಗೂ ಅದೊಂದೇ "ವೆಂಟ್". ಹಾಗಾಗಿ "ಐ" ಅಂತ ಹೇಳಲೇಬೇಕು. ಜೊತೆಗೆ ನಮ್ಮ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ಅವರದ್ದು ನಡುವೆ. "ಐ ವೆಂಟ್ ಟು ದ ಮಾರ್ಕೆಟ್ ಯೆಸ್ಟರ್‌ಡೇ." ಯಾರು, ಏನು ಮಾಡಿದರು, ಎಲ್ಲಿ, ಯಾವಾಗ. ಈ ಸಾಲನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅರ್ಧ ತಪ್ಪು ಹುಟ್ಟುವುದೇ ಇಲ್ಲ.

ಇನ್ನೊಂದು ಇದೆ. "ಸಂತೆಗೆ ಹೋಗಿ, ತರಕಾರಿ ಕೊಂಡು, ಅಜ್ಜಿಯನ್ನು ಬಸ್ಸು ಹತ್ತಿಸಿ, ಮನೆಗೆ ಬಂದೆ." ಕನ್ನಡದಲ್ಲಿ ಎಷ್ಟು ಸೊಗಸಾಗಿದೆ! ಹೋಗಿ, ಕೊಂಡು, ಹತ್ತಿಸಿ ಅಂತ ಸಾಲು ಬೆಳೆಯುತ್ತಲೇ ಹೋಗಬಹುದು. ಮಗು ಇದನ್ನು ಇಂಗ್ಲಿಷಿಗೆ ತರುವಾಗ ಪ್ರತಿ ಕಡೆಯೂ ಒಂದು "ಆ್ಯಂಡ್" ಹಾಕುತ್ತದೆ. ಆ್ಯಂಡ್, ಆ್ಯಂಡ್, ಆ್ಯಂಡ್. ಅರ್ಧ ಪುಟಕ್ಕೆ ಒಂದೇ ವಾಕ್ಯ. ಓದುವವರಿಗೆ ನಿಲ್ಲಲು ಜಾಗವೇ ಇಲ್ಲ. ಮದ್ದು ಸುಲಭ. ಎರಡನೆಯ "ಆ್ಯಂಡ್" ಬರೆಯುವ ಮೊದಲು ಒಂದು ಫುಲ್‌ಸ್ಟಾಪ್ ಇಡಿ. ಹೊಸ ವಾಕ್ಯ ಶುರುಮಾಡಿ.

ಸಣ್ಣ ವಾಕ್ಯ ಬರೆದರೆ ಇಂಗ್ಲಿಷ್ ಬರುವುದಿಲ್ಲ ಅಂದುಕೊಳ್ಳುತ್ತಾರೆ ಅನ್ನುವ ಹೆದರಿಕೆ ಬೇಡ. ಆರ್. ಕೆ. ನಾರಾಯಣ್ ಬಾಳಿನ ಬಹುಭಾಗವನ್ನು ಮೈಸೂರಿನಲ್ಲಿ ಕಳೆದವರು. ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ಒಮ್ಮೆ ಫೇಲಾಗಿ, ಒಂದು ವರ್ಷ ಮನೆಯಲ್ಲೇ ಓದುತ್ತ ಬರೆಯುತ್ತ ಇದ್ದವರು. ಅವರ ಇಂಗ್ಲಿಷ್ ಪ್ರಪಂಚಕ್ಕೆಲ್ಲ ತಲುಪಿತು. ಅವರ "ನೆಕ್ಸ್ಟ್ ಸಂಡೇ" ಅನ್ನುವ ಪುಸ್ತಕ 1960ರಲ್ಲಿ ಬಂತು. ಪುಟ್ಟ ಪುಟ್ಟ ಪ್ರಬಂಧಗಳು, ತಿಳಿಯಾದ ಭಾಷೆ. ಹತ್ತನೆಯ ತರಗತಿಯವರು ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಧೈರ್ಯವಾಗಿ ಓದಬಹುದು.

ಮತ್ತೊಂದು ಸಂಗತಿ, ದೊಡ್ಡಕ್ಷರ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಅಂತ ಎರಡಿಲ್ಲ. ಬೆಂಗಳೂರಿನ "ಬ"ವೂ ಬದನೆಕಾಯಿಯ "ಬ"ವೂ ಒಂದೇ. ಇಂಗ್ಲಿಷಿನಲ್ಲಿ ಬೆಂಗಳೂರಿಗೆ ದೊಡ್ಡಕ್ಷರ, ಬದನೆಕಾಯಿಗೆ ಚಿಕ್ಕಕ್ಷರ. ಮನುಷ್ಯರ ಹೆಸರು, ಊರಿನ ಹೆಸರು, ವಾರದ ಹೆಸರು, ತಿಂಗಳ ಹೆಸರು, ವಾಕ್ಯದ ಮೊದಲ ಅಕ್ಷರ, ಮತ್ತು ನಾನು ಅನ್ನುವ ಅರ್ಥದ ಒಂಟಿ "ಐ", ಇವೆಲ್ಲ ದೊಡ್ಡಕ್ಷರ. ಬರೆಯುವ ಭರದಲ್ಲಿ ಮರೆತರೂ ಚಿಂತೆಯಿಲ್ಲ. ಬರೆದು ಮುಗಿಸಿದ ಮೇಲೆ ಇದೊಂದಕ್ಕಾಗಿಯೇ ಹಾಳೆಯ ಮೇಲೆ ಒಮ್ಮೆ ಕಣ್ಣಾಡಿಸಿ.

ಇಷ್ಟು ಹೊತ್ತು ಹೇಳಿದ್ದು ಏನು ಬರೆಯಬೇಕು, ವಾಕ್ಯ ಹೇಗಿರಬೇಕು ಅನ್ನುವುದನ್ನು. ಈಗ ಹಾಳೆಗೆ ಬರೋಣ. ರೇಡಿಯೊದಲ್ಲಿ ಹಾಳೆ ತೋರಿಸಲು ಆಗುವುದಿಲ್ಲ. ನಾನು ಹೇಳುತ್ತ ಹೋಗುತ್ತೇನೆ, ನೀವು ಬೆರಳಿನಿಂದ ಅಳೆಯುತ್ತ ಬನ್ನಿ.

ಗೆರೆ ಇರುವ ಉದ್ದನೆಯ ಹಾಳೆ. ಎಡಗಡೆ ಎರಡು ಬೆರಳಷ್ಟು, ಅಂದರೆ ಸುಮಾರು ಒಂದು ಇಂಚು, ಮಾರ್ಜಿನ್ ಬಿಡಿ. ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಆ ಜಾಗ ನಿಮ್ಮದಲ್ಲ, ತಿದ್ದುವವರದ್ದು. ಅಲ್ಲಿ ಏನೂ ಬರೆಯಬೇಡಿ. ತಲೆಯಲ್ಲಿ ಹೆಸರು, ತರಗತಿ, ದಿನಾಂಕ. ಒಂದು ಗೆರೆ ಖಾಲಿ. ಆಮೇಲೆ ನಡುಮಧ್ಯೆ ಹೆಡ್ಡಿಂಗು. ಹೆಡ್ಡಿಂಗಿನ ಮುಖ್ಯ ಪದಗಳಿಗೆ ದೊಡ್ಡಕ್ಷರ. ಕೊನೆಯಲ್ಲಿ ಫುಲ್‌ಸ್ಟಾಪ್ ಇಲ್ಲ. ಮತ್ತೊಂದು ಗೆರೆ ಖಾಲಿ ಬಿಟ್ಟು ಪ್ರಬಂಧ ಶುರು. ಪ್ರತಿ ಪ್ಯಾರಾದ ಮೊದಲ ಸಾಲನ್ನು ಮಾರ್ಜಿನಿನಿಂದ ಹೆಬ್ಬೆರಳಿನಷ್ಟು ಒಳಗೆ ತೆಗೆದುಕೊಳ್ಳಿ. ಗದ್ದೆಗೆ ಬದು ಹೇಗೋ ಪುಟಕ್ಕೆ ಈ ಖಾಲಿ ಜಾಗಗಳು ಹಾಗೆ. ಒಂದು ವಿಷಯ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಅನ್ನುವುದು ಓದುವ ಮೊದಲೇ ಕಣ್ಣಿಗೆ ಬೀಳುತ್ತದೆ.

ನೀಲಿ ಅಥವಾ ಕಪ್ಪು ಶಾಯಿ. ಹಸಿರು, ಕೆಂಪು ಬೇಡ. ಹೆಡ್ಡಿಂಗಿನ ಸುತ್ತ ಸ್ಕೆಚ್ ಪೆನ್ನಿನ ಹೂಬಳ್ಳಿ ಬೇಡ. ಆ ಹೊತ್ತನ್ನು ಇನ್ನೊಂದು ಸಲ ಓದುವುದಕ್ಕೆ ಇಟ್ಟುಕೊಳ್ಳಿ. ತಪ್ಪಾದ ಪದದ ಮೇಲೆ ಒಂದೇ ಒಂದು ಗೆರೆ ಹೊಡೆಯಿರಿ, ಮುಂದೆ ಸರಿಯಾದದ್ದನ್ನು ಬರೆಯಿರಿ. ಕರಿ ಗುಡ್ಡೆ ಮಾಡಬೇಡಿ. ಪದ ಪದದ ನಡುವೆ ಕಿರುಬೆರಳಿನಷ್ಟು ಜಾಗ ಇರಲಿ.

ಒಂದು ತಪ್ಪನ್ನು ಯಾರೂ ಎತ್ತಿ ಹೇಳುವುದಿಲ್ಲ, ನಾನು ಹೇಳಲೇಬೇಕು. ಕನ್ನಡದಲ್ಲಿ ಸಾಲು ಮುಗಿದರೆ ಪದವನ್ನು ಯಾವ ಅಕ್ಷರದ ಹತ್ತಿರ ಬೇಕಾದರೂ ತುಂಡು ಮಾಡಿ ಕೆಳಗಿನ ಸಾಲಿಗೆ ಒಯ್ಯುತ್ತೇವೆ. ಓದುವವರಿಗೆ ತೊಂದರೆಯಿಲ್ಲ, ಏಕೆಂದರೆ ನಮ್ಮ ಒಂದೊಂದು ಅಕ್ಷರಕ್ಕೂ ಅದರದೇ ಪೂರ್ತಿ ಉಚ್ಚಾರ ಇದೆ. ಇಂಗ್ಲಿಷಿನಲ್ಲಿ ಹಾಗಲ್ಲ. "ಬಿಕಾಸ್" ಅನ್ನುವ ಪದದ ಮೂರಕ್ಷರ ಮೇಲೆ, ನಾಲ್ಕಕ್ಷರ ಕೆಳಗೆ ಬಂದರೆ ಓದುವವರು ತಡವರಿಸುತ್ತಾರೆ. ಸಾಲಿನ ಕೊನೆಯಲ್ಲಿ ಜಾಗ ಸಾಲದಿದ್ದರೆ ಇಡೀ ಪದವನ್ನು ಕೆಳಗಿನ ಸಾಲಿಗೆ ತಂದುಬಿಡಿ. ಬಲಗಡೆ ಸ್ವಲ್ಪ ಖಾಲಿ ಉಳಿದರೆ ಉಳಿಯಲಿ.

ಇದು ಕೈಬರಹದ ಹಾಳೆಯ ಮಾತಾಯಿತು. ಟೈಪು ಮಾಡಿದ ಹಾಳೆಗೂ ಇಂಥದ್ದೇ ಕ್ರಮ ಇದೆ. ಅಮೆರಿಕದಲ್ಲಿ ನೆಲೆಸಿರುವ ನಮ್ಮವರ ಮಕ್ಕಳು ಹೈಸ್ಕೂಲಿನಲ್ಲಿ ಬಹುಮಟ್ಟಿಗೆ ಕಂಪ್ಯೂಟರಿನಲ್ಲೇ ಪ್ರಬಂಧ ಟೈಪು ಮಾಡುತ್ತಾರೆ. ಅಲ್ಲಿ ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್ ಅಂತ ಒಂದು ಹಳೆಯ ಸಂಸ್ಥೆ ಇದೆ, 1883ರಲ್ಲಿ ಹುಟ್ಟಿದ್ದು. ಅದು ಹಾಕಿಕೊಟ್ಟ ಕ್ರಮವನ್ನು ಅಲ್ಲಿನ ಎಷ್ಟೋ ಶಾಲೆಗಳು ಬಳಸುತ್ತವೆ. ನಾಲ್ಕೂ ಕಡೆ ಒಂದಿಂಚು ಮಾರ್ಜಿನ್. ಎಡತುದಿಯಲ್ಲಿ ನಾಲ್ಕು ಸಾಲು: ವಿದ್ಯಾರ್ಥಿಯ ಹೆಸರು, ಶಿಕ್ಷಕರ ಹೆಸರು, ತರಗತಿ, ದಿನಾಂಕ. ನಡುವೆ ಹೆಡ್ಡಿಂಗು. ಪ್ರತಿ ಪುಟದ ಬಲತುದಿಯಲ್ಲಿ ಮನೆತನದ ಹೆಸರು, ಪುಟಸಂಖ್ಯೆ. ಸಾಲುಗಳ ನಡುವೆ ಎರಡು ಪಟ್ಟು ಅಂತರ. ಅಷ್ಟು ಅಂತರವಿದ್ದರೆ ತಿದ್ದುವವರ ಪೆನ್ನು ಸಾಲಿನ ನಡುವೆ ಆಡುತ್ತದೆ, ಓದುವ ಕಣ್ಣಿಗೂ ಹಿತ. ಸಮುದ್ರದ ಆಚೆಯ ಕಂಪ್ಯೂಟರಿನಲ್ಲೂ ನಮ್ಮ ಹಳ್ಳಿಯ ಗೆರೆ ಹಾಳೆಯಲ್ಲೂ ಆ ಖಾಲಿ ಜಾಗ ಇರುವುದು ಓದುವವರಿಗಾಗಿಯೇ.

ಹಾಳೆ ಸಿದ್ಧವಾಯಿತು. ಆದರೆ ಅದರ ಮೇಲೆ ನೇರವಾಗಿ ಬರೆಯಬೇಡಿ. ಮೊದಲು ರಫ್, ಆಮೇಲೆ ಫೇರ್. ಇದು ನಿಮ್ಮ ಟೀಚರು ಹೇಳಿಯೇ ಹೇಳಿರುತ್ತಾರೆ. ನಾನು ಹೇಳಬೇಕಾದ್ದು ಇವೆರಡರ ನಡುವೆ ಆಗಬೇಕಾದ ಕೆಲಸದ ಬಗ್ಗೆ.

ಇಂಗ್ಲಿಷಿನಲ್ಲಿ ಪ್ರಬಂಧಕ್ಕೆ ಹೆಸರಾದ ಮೊದಲಿಗರಲ್ಲಿ ಫ್ರಾನ್ಸಿಸ್ ಬೇಕನ್ ಒಬ್ಬರು. 1597ರಲ್ಲಿ ಅವರು ಅಚ್ಚು ಹಾಕಿಸಿದ್ದು ಹತ್ತು ಪುಟ್ಟ ಪ್ರಬಂಧ. ಅಲ್ಲಿಗೆ ಬಿಡಲಿಲ್ಲ. ಬರೆದದ್ದನ್ನೇ ಮತ್ತೆ ಮತ್ತೆ ತಿದ್ದಿದರು, ಬೆಳೆಸಿದರು, ಹೊಸದನ್ನು ಸೇರಿಸಿದರು. 1625ರ ಹೊತ್ತಿಗೆ ಪುಸ್ತಕದಲ್ಲಿ 58 ಪ್ರಬಂಧ ಇದ್ದವು. ನಡುವೆ ಹೆಚ್ಚು ಕಡಿಮೆ 30 ವರ್ಷ. ನಮಗೆ ಅಷ್ಟು ಸಮಯ ಬೇಡ. ಒಂದು ರಾತ್ರಿ ಸಾಕು. ರಫ್ ಬರೆದು ಮುಚ್ಚಿಡಿ. ಮಾರನೆಯ ದಿನ ತೆಗೆದು ಗಟ್ಟಿಯಾಗಿ ಓದಿ.

ಮನೆಯ ಹಿರಿಯರಿಗೆ ಕೆಲಸ ಇದೆ ಅಂದೆನಲ್ಲ, ಅದು ಇಲ್ಲಿ. ಮಗು ಓದುವಾಗ ಎದುರಿಗೆ ಕೂತು ಕೇಳಿ. ನಿಮಗೆ ಇಂಗ್ಲಿಷ್ ಬರದಿದ್ದರೂ ಕೂತುಕೊಳ್ಳಿ. ಮಗು ಎಲ್ಲಿ ತಡವರಿಸಿತು, ಎಲ್ಲಿ ಒಂದೇ ಸಾಲನ್ನು ಎರಡು ಸಲ ಓದಿತು, ಎಲ್ಲಿ ಏದುಸಿರು ಬಂತು, ಇದು ಯಾವ ಭಾಷೆಯಾದರೂ ಕಿವಿಗೆ ತಿಳಿಯುತ್ತದೆ. "ಅಲ್ಲಿ ನಿಂತೆಯಲ್ಲ, ಅದನ್ನು ಇನ್ನೊಂದು ಸಲ ನೋಡು" ಅನ್ನಿ. ಬಿಟ್ಟುಹೋದ ಪದ, ಮುಗಿಯದ ವಾಕ್ಯ, ಉದ್ದವಾದ "ಆ್ಯಂಡ್" ಸಾಲು, ಎಲ್ಲ ಅಲ್ಲೇ ಸಿಗುತ್ತವೆ. ಆಮೇಲೆ ಆ ಪ್ಯಾರಾದಲ್ಲಿ ಏನು ಬರೆದಿದ್ದೀಯ ಅಂತ ಕನ್ನಡದಲ್ಲಿ ಕೇಳಿ. ಮಗು ಎರಡು ಮಾತಿನಲ್ಲಿ ಹೇಳಿದರೆ ಆ ಪ್ಯಾರಾ ಸರಿ ಇದೆ. ಹೇಳಲು ಒದ್ದಾಡಿದರೆ ತಿದ್ದಬೇಕು.

ಕಿವಿಗೆ ಸಿಗದ ತಪ್ಪುಗಳೂ ಕೆಲವು ಇವೆ. "ಇಟ್ಸ್" ಅನ್ನುವುದನ್ನೇ ನೋಡಿ. ಒಂದರಲ್ಲಿ ಕೊನೆಯ ಅಕ್ಷರದ ಮೊದಲು, ಮೇಲುಗಡೆ, ಕಾಮಾದಂಥ ಗುರುತು ಇರುತ್ತದೆ. ಅದು "ಇಟ್ ಈಸ್" ಅನ್ನುವುದರ ಗಿಡ್ಡ ರೂಪ. ಇನ್ನೊಂದಕ್ಕೆ ಆ ಗುರುತಿಲ್ಲ. ಅದಕ್ಕೆ ಅದರ ಅನ್ನುವ ಅರ್ಥ. "ದೇರ್" ಕೂಡ ಎರಡು ಥರ, ಅಲ್ಲಿ ಅನ್ನುವುದು ಒಂದು, ಅವರ ಅನ್ನುವುದು ಇನ್ನೊಂದು. ಉಚ್ಚಾರ ಒಂದೇ, ಸ್ಪೆಲ್ಲಿಂಗ್ ಬೇರೆ. ಇಂಥವನ್ನು ಪುಸ್ತಕದ ಕೊನೆಯ ಹಾಳೆಯಲ್ಲಿ ಪಟ್ಟಿ ಮಾಡಿಕೊಂಡು, ಫೇರ್ ಬರೆಯುವ ಮೊದಲು ಕಣ್ಣಿನಿಂದಲೇ ಹುಡುಕಬೇಕು.

ಹೀಗೆ ರಫ್ ಬರೆದು, ಗಟ್ಟಿಯಾಗಿ ಓದಿ, ಕಣ್ಣಿನಿಂದ ಹುಡುಕಿ ತಿದ್ದಿಯಾಯಿತು. ಇನ್ನು ಮೊಬೈಲಿನ ಮಾತು. ಈಗ ಮೊಬೈಲಿಗೆ ಹೇಳಿದರೆ ಅರ್ಧ ನಿಮಿಷದಲ್ಲಿ ಪ್ರಬಂಧ ಬರೆದುಕೊಡುತ್ತದೆ. ತಪ್ಪೂ ಕಡಿಮೆ. ಆದರೆ ನಿಮ್ಮ ಅಜ್ಜಿ ಬದನೆಕಾಯಿ ಆರಿಸಿದ್ದನ್ನು ಅದು ನೋಡಿಲ್ಲ. ಒಂದು ಪದದ ಅರ್ಥ, ಒಂದು ಸ್ಪೆಲ್ಲಿಂಗ್ ಬೇಕಾದರೆ ಮೊಬೈಲು ನೋಡಿ. ವಾಕ್ಯ ನಿಮ್ಮದೇ ಇರಲಿ. ಪುಸ್ತಕದಿಂದಲೋ ಪೇಪರಿನಿಂದಲೋ ಒಂದು ಮಾತನ್ನು ತೆಗೆದುಕೊಂಡರೆ ಅದನ್ನು ಉದ್ಧರಣ ಚಿಹ್ನೆಯ ಒಳಗಿಟ್ಟು, ಯಾರದ್ದು ಅಂತ ಹೇಳಿ. ಹೈಸ್ಕೂಲಿನಲ್ಲೇ ಈ ಅಭ್ಯಾಸ ಆಗಲಿ.

ಕೊನೆಗೆ ನನ್ನ ಸಹೋದ್ಯೋಗಿಗಳಾದ ಶಿಕ್ಷಕರಲ್ಲಿ ಒಂದು ಕೋರಿಕೆ. ನಮಗೆ ತಿದ್ದಲು ಹಾಳೆಗಳು ಬಹಳ, ಹೊತ್ತು ಕಡಿಮೆ. ಆದರೂ ಎಲ್ಲ ತಪ್ಪನ್ನೂ ಒಂದೇ ಸಲ ಕೆಂಪು ಮಾಡಬೇಡಿ. ಈ ವಾರ ಫುಲ್‌ಸ್ಟಾಪ್ ಮತ್ತು ದೊಡ್ಡಕ್ಷರ ಮಾತ್ರ ನೋಡುತ್ತೇನೆ ಅಂತ ಹೇಳಿ, ಅದನ್ನೇ ನೋಡಿ. ಮುಂದಿನ ವಾರ ಕ್ರಿಯಾಪದ. ಮಾರ್ಜಿನಿನಲ್ಲಿ "ಗುಡ್" ಅಂತ ಒಂದು ಪದ ಬರೆಯುವ ಬದಲು ಮಗು ಬರೆದ ಸಂಗತಿಗೆ ಒಂದು ಸಾಲು ಉತ್ತರ ಕೊಡಿ. ನಿಮ್ಮ ಅಜ್ಜಿ ಬದನೆಕಾಯಿಯಲ್ಲಿ ಏನು ಹುಡುಕುತ್ತಿದ್ದರು ಅಂತ ಕೇಳಿ. ಮುಂದಿನ ಸಲ ಆ ಮಗು ಆ ಪ್ರಶ್ನೆಗೆ ಉತ್ತರ ಸೇರಿಸಿ, ಅದೇ ಪ್ರಬಂಧವನ್ನು ಮತ್ತೆ ಬರೆದು ತರುತ್ತದೆ.

ಮಕ್ಕಳೇ, ಈ ವಾರದ ಸಂತೆಗೆ ಒಂದು ತುಂಡು ಕಾಗದ ತೆಗೆದುಕೊಂಡು ಹೋಗಿ. ಸಂತೆ ಇಲ್ಲದ ಊರಾದರೆ ಬಸ್ ಸ್ಟ್ಯಾಂಡು, ಹಾಲಿನ ಡೈರಿ, ಶಾಲೆಯ ಬಿಸಿಯೂಟದ ಕೋಣೆ, ಯಾವುದಾದರೂ ಸರಿ. ಹದಿನೈದು ಸಂಗತಿ ಬರೆದುಕೊಳ್ಳಿ, ಐದು ಆರಿಸಿ, ಮೂರು ಪ್ಯಾರಾ ಬರೆಯಿರಿ. ಬರೆದದ್ದನ್ನು ಮನೆಯಲ್ಲಿ ಯಾರಿಗಾದರೂ ಓದಿ ಹೇಳಿ.